ನಗುವಿಗೂ ಮೀಸಲಾತಿ ಬೇಕಾ?

ಹಾಸ್ಯ ಲೇಖನ ಸ್ಪರ್ಧೆ, 'ಮಹಿಳೆಯರಿಗೆ ಮಾತ್ರ' ಅಂತ ಪ್ರಕಟಣೆ ಬಂದರೆ ಸಾಕು, ಮನೆಯ ಗಂಡಸರು 'ನಗುವಿಗೂ ಮೀಸಲಾತಿನಾ?' ಅಂತಾರೆ. ಅನ್ನಲಿ ಬಿಡಿ. ನಮ್ಮ ಅಂಕೋಲಾ ಕಡೆಯ ಸುಗ್ಗಿ ಹಗರಣದಲ್ಲಿ ಸೀರೆಯುಟ್ಟು ಹೆಣ್ಣುವೇಷದಲ್ಲಿ ನಗಿಸುತ್ತಿದ್ದವರೂ ಗಂಡಸರೇ. ಯಕ್ಷಗಾನದ ಹಾಸ್ಯಗಾರನೂ ಹಿಂದಿನಿಂದ ಗಂಡಸೇ. ಹೆಂಗಸರ ತಮಾಷೆ ಏನಿದ್ದರೂ ಕಾರವಾರದ ಮೀನುಪೇಟೆಯಲ್ಲಿ, ಹಿತ್ತಲ ಬಾವಿಕಟ್ಟೆಯಲ್ಲಿ. ಅದನ್ನು ಬರೆದಿಟ್ಟವರು ಯಾರು?

1942ರಲ್ಲಿ ರಾಶಿಯವರು ಆರಂಭಿಸಿದ 'ಕೊರವಂಜಿ'ಯಲ್ಲಿ ಟಿ. ಸುನಂದಮ್ಮ ಗಂಡಸರ ಸಾಲಿನಲ್ಲೇ ನಿಂತು ನಗಿಸಿದರು. 1979ರಲ್ಲಿ ಶುರುವಾದ ಕರ್ನಾಟಕ ಲೇಖಕಿಯರ ಸಂಘದ ಮೊದಲ ಅಧ್ಯಕ್ಷೆಯೂ ಅವರೇ. ಎರಡೂ ಬೇಕು ಅಂತ ನನಗನ್ನಿಸೋದು ಇದಕ್ಕೇ.

ಅತ್ತೆ, ಗಂಡನ ಬಗ್ಗೆ ನಗೆಬರಹ ಬರೆದು, ಯಾರು ಏನಂತಾರೋ ಅಂತ ಹಾಸಿಗೆಯಡಿ ಬಚ್ಚಿಡುವವಳಿಗೆ ಇಂಥ ಸ್ಪರ್ಧೆ ಧೈರ್ಯ ಕೊಡುತ್ತೆ. ಇರಲಿ. ಆದರೆ ವಿಷಯವೂ 'ಅಡುಗೆಮನೆ ಫಜೀತಿ'ಯೇ ಆಗಬೇಕಾ? ಪುರಸಭೆ, ಚುನಾವಣೆ ನೋಡಿ ನಮಗೆ ನಗು ಬರಲ್ವಾ? (ಅಳುವೂ ಬರುತ್ತೆ, ಅದು ಬೇರೆ ಮಾತು.) ನಮ್ಮದೇ ಉತ್ತರ ಕನ್ನಡದ ಭುವನೇಶ್ವರಿ ಹೆಗಡೆಯವರ ಹಾಸ್ಯವನ್ನು ಗಂಡಸರೂ ಓದಿ ನಗ್ತಾರಲ್ಲ!

ಒಂದು ಬಹುಮಾನ ಬಂದಮೇಲೆ ಅಲ್ಲೇ ಕೂರಬೇಡಿ. ಎಲ್ಲರಿಗೂ ತೆರೆದ ಸ್ಪರ್ಧೆಗೂ ಕಳಿಸಿ. ತೀರ್ಪುಗಾರರಿಗೆ ಬರೆದವರ ಹೆಸರು ತೋರಿಸ್ತಾರಾ, ಮುಚ್ಚಿ ಕೊಡ್ತಾರಾ ಅಂತ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.