ಬೈಯಪ್ಪನಹಳ್ಳಿಯಲ್ಲಿ ರೈಲು, ಮೆಟ್ರೋ, ಬಸ್ಸುಗಳನ್ನು ಜೋಡಿಸಿಕೊಡುವಂತೆ ಕೋರಿ ಮನವಿ

ಗೆ,
ಮಾನ್ಯ ಮುಖ್ಯಮಂತ್ರಿಗಳು ಹಾಗೂ ಅಧ್ಯಕ್ಷರು,
ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ, ಬೆಂಗಳೂರು.

ವಿಷಯ: ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಮೆಟ್ರೋ ಮತ್ತು ಬಸ್ ಸಂಪರ್ಕ ಕಲ್ಪಿಸುವ ಬಗ್ಗೆ.

ಮಾನ್ಯರೇ,

ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ 2022ರ ಜೂನ್‌ನಲ್ಲಿ ರೈಲುಗಳ ಓಡಾಟ ಶುರುವಾಯಿತು. ಏಳು ಪ್ಲಾಟ್‌ಫಾರಂಗಳ ಈ ಹವಾನಿಯಂತ್ರಿತ ನಿಲ್ದಾಣ ಬೆಂಗಳೂರಿಗೆ ಹೆಮ್ಮೆಯೇ ಸರಿ. ಹೌರಾ, ಅಗರ್ತಲಾ, ದಾನಾಪುರದ ರೈಲುಗಳು ಇಲ್ಲಿಗೆ ಬರುತ್ತವೆ. ನಮ್ಮ ಮುರ್ಡೇಶ್ವರದ ರೈಲೂ ಇಲ್ಲಿಗೇ. ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣವಂತೂ 2011ರಿಂದಲೇ ಇದೆ. ಹೆಸರಿಗೆ ಎರಡೂ ಒಂದೇ ಊರಿನವು, ಆದರೆ ನಡುವೆ ಕಿಲೋಮೀಟರಿಗೂ ಮೀರಿದ ದಾರಿಯಿದೆ.

ಲಗೇಜು ಹೊತ್ತು ಆ ದಾರಿ ನಡೆದವರಿಗೇ ಅದರ ಕಷ್ಟ ಗೊತ್ತು. ಎರಡು ರಾತ್ರಿ ಜನರಲ್ ಬೋಗಿಯಲ್ಲಿ ಕೂತು ಬಂದ ಕಟ್ಟಡ ಕಾರ್ಮಿಕರ ಕುಟುಂಬವನ್ನು ನೋಡಿ: ತಲೆಯ ಮೇಲೆ ಮೂಟೆ, ಕಂಕುಳಲ್ಲಿ ಮಗು, ಕೈಯಲ್ಲಿ ಪಾತ್ರೆ ತುಂಬಿದ ಬಕೆಟ್ಟು. ಫುಟ್‌ಪಾತ್ ಮುಗಿದಲ್ಲಿ ವಾಹನಗಳ ನಡುವೆ ರಸ್ತೆಗಿಳಿಯಬೇಕು. ಇಲ್ಲವೇ ಆಟೋಗೆ ಕೇಳಿದಷ್ಟು ಕೊಡಬೇಕು.

ಹಳಿ ರೈಲ್ವೆಯದು, ಮೆಟ್ರೋ ಬಿಎಂಆರ್‌ಸಿಎಲ್‌ನದು, ಬಸ್ಸು ಬಿಎಂಟಿಸಿಯದು, ರಸ್ತೆ ಪಾಲಿಕೆಯದು. ಒಂದರಿಂದಿಳಿದು ಇನ್ನೊಂದನ್ನು ಹತ್ತುವ ಪ್ರಯಾಣಿಕ ಮಾತ್ರ ಯಾರ ಲೆಕ್ಕಕ್ಕೂ ಬರುತ್ತಿಲ್ಲ. ಇವೆಲ್ಲವನ್ನೂ ಒಂದೆಡೆ ಕೂಡಿಸಲೆಂದೇ 2022ರ ಕಾಯ್ದೆಯಡಿ ತಮ್ಮ ಪ್ರಾಧಿಕಾರ ಬಂದಿದೆ. ಆದ್ದರಿಂದಲೇ ತಮ್ಮಲ್ಲಿಗೆ ಬಂದಿದ್ದೇವೆ.

ಟರ್ಮಿನಲ್‌ನಿಂದ ಮೆಟ್ರೋವರೆಗೆ ಮೇಲ್ಛಾವಣಿ, ದೀಪ, ಲಿಫ್ಟ್ ಇರುವ ಪಾದಚಾರಿ ಮಾರ್ಗ ಆಗಬೇಕು. ಇದು ನಮ್ಮ ಮುಖ್ಯ ಬೇಡಿಕೆ. ವೃದ್ಧರು, ಗಾಲಿಕುರ್ಚಿಯವರು ಯಾರ ಕೈ ಹಿಡಿಯದೆಯೂ ಸಾಗುವಂತೆ ಅದು ಸಮತಟ್ಟಾಗಿರಲಿ.

ಮಾರ್ಗ ಕಟ್ಟಲು ಕಾಲ ಹಿಡಿಯುತ್ತದೆಂಬುದು ನಮಗೂ ತಿಳಿದಿದೆ. ಬಸ್ಸಿಗೆ ಅಷ್ಟು ಕಾಯಬೇಕಿಲ್ಲ. ರೈಲು ಬರುವ ವೇಳೆಗೆ ಹೊಂದಿಸಿದ ಫೀಡರ್ ಬಸ್ಸುಗಳು ಟರ್ಮಿನಲ್ ಬಾಗಿಲಿನಿಂದಲೇ ಹೊರಡಲಿ. ರೈಲು ತಡವಾದರೆ ಬಸ್ಸೂ ಕಾಯಲಿ. ಮೆಟ್ರೋ ಇಲ್ಲದ ಹೊತ್ತಿನಲ್ಲಿ ಇಳಿಯುವವರಿಗೆ ಮೆಜೆಸ್ಟಿಕ್‌ವರೆಗೆ ರಾತ್ರಿ ಬಸ್ಸು ಬೇಕು. ಪ್ರೀಪೇಯ್ಡ್ ಆಟೋ ಕೌಂಟರು ಕೊನೆಯ ರೈಲಿನವರೆಗೂ ತೆರೆದಿರಲಿ. ಅಕ್ಷರ ಬಾರದವರಿಗೂ ಅರ್ಥವಾಗುವಂತೆ ಫಲಕಗಳಲ್ಲಿ ಚಿತ್ರ, ಬಾಣದ ಗುರುತು ಹಾಕಿಸಿ.

ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಸುಮಾರು 25 ಕಿ.ಮೀ. ಉದ್ದದ ಉಪನಗರ ರೈಲಿನ ಮಲ್ಲಿಗೆ ಮಾರ್ಗವೂ ಬರಲಿದೆ. ಕಾಂಕ್ರೀಟು ಬಿದ್ದಮೇಲೆ ಒಡೆದು ದಾರಿ ಮಾಡುವ ಬದಲು, ಈ ಮಾರ್ಗಕ್ಕೆ ಬದಲಾಯಿಸಿಕೊಳ್ಳುವ ಹಾದಿಯನ್ನೂ ನಕ್ಷೆಯಲ್ಲೇ ಸೇರಿಸಬೇಕೆಂದು ಕೋರುತ್ತೇವೆ.

ನಾಲ್ಕೂ ಸಂಸ್ಥೆಗಳ ಅಧಿಕಾರಿಗಳು ರಾತ್ರಿ ರೈಲು ಬರುವ ಹೊತ್ತಿಗೆ ಜಂಟಿಯಾಗಿ ಸ್ಥಳ ಪರಿಶೀಲನೆ ನಡೆಸಲು ದಿನ ಗೊತ್ತುಮಾಡಿ, ನಮಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಟರ್ಮಿನಲ್ ಬಳಸುವ ಪ್ರಯಾಣಿಕರು ಹಾಗೂ ಬೈಯಪ್ಪನಹಳ್ಳಿ ಸುತ್ತಲಿನ ನಿವಾಸಿಗಳು