ರಸ್ತೆ ಜನರದ್ದು, ತೀರ್ಮಾನ ಯಾರದ್ದು?

ಪ್ರಜಾಪ್ರಭುತ್ವದಲ್ಲಿ ಪ್ರಜೆಯ ಪಾತ್ರ ಮತದಾನದ ದಿನಕ್ಕೇ ಮುಗಿದುಹೋಗುತ್ತದೆಯೇ? ನಮ್ಮ ನಗರಗಳ ಸಾರಿಗೆ ಯೋಜನೆಗಳು ರೂಪುಗೊಳ್ಳುವ ಬಗೆಯನ್ನು ನೋಡಿದರೆ ಹೌದೆಂದೇ ಹೇಳಬೇಕಾಗುತ್ತದೆ. ಸಾವಿರಾರು ಕೋಟಿ ರೂಪಾಯಿಗಳ ಕಾಮಗಾರಿ ಮೊದಲು ಕಡತದಲ್ಲಿ ನಿಶ್ಚಯವಾಗುತ್ತದೆ, ಬಳಿಕ ಟೆಂಡರ್ ಹಂತಕ್ಕೆ ಬರುತ್ತದೆ, ಕೊನೆಗೆ ಜನರ ಕಿವಿಗೆ ಬೀಳುತ್ತದೆ. ಅಷ್ಟರಲ್ಲಿ ಪ್ರಶ್ನಿಸುವವನು ಅಭಿವೃದ್ಧಿಯ ವಿರೋಧಿ ಎನಿಸಿಕೊಂಡಿರುತ್ತಾನೆ.

ಬೆಂಗಳೂರಿನ ಉಕ್ಕಿನ ಸೇತುವೆಯ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಈ ಸೇತುವೆಗೆ 2016ರಲ್ಲಿ ನಿಗದಿಯಾದ ವೆಚ್ಚ ಸುಮಾರು 1,791 ಕೋಟಿ ರೂಪಾಯಿ. ಅದಕ್ಕಾಗಿ 800ಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. ಜನಾಭಿಪ್ರಾಯ ಕೇಳಿದ್ದೇವೆ, ಬಹುಮತ ಯೋಜನೆಯ ಪರವಾಗಿದೆ ಎಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೇಳಿಕೊಂಡಿತು. ಆದರೆ ಬಂದಿದ್ದ ಅಭಿಪ್ರಾಯಗಳು ಸುಮಾರು 300 ಮಾತ್ರ! ಕೋಟಿ ಜನಸಂಖ್ಯೆಯ ನಗರದ ಅಭಿಪ್ರಾಯವನ್ನು ಅಳೆಯಲು ಇದು ಸಾಕೇ? ಆ ವರ್ಷದ ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ಮಾನವ ಸರಪಳಿ ರಚಿಸಿ ತಮ್ಮ ಉತ್ತರ ನೀಡಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆಯಾಜ್ಞೆ ನೀಡಿತು. 2017ರ ಮಾರ್ಚ್‌ನಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು.

ಇದನ್ನು ಜನರ ಗೆಲುವೆಂದು ಕೊಂಡಾಡುವುದು ಸರಿ. ಆದರೆ ಬಾಗಿಲು ಮುಚ್ಚಿದ್ದರಿಂದಲೇ ಜನರು ಬೀದಿಗೆ ಇಳಿಯಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. ಆ ಬಾಗಿಲನ್ನು ಸಂವಿಧಾನವೇ ತೆರೆದಿಟ್ಟಿತ್ತು. 1992ರ 74ನೇ ತಿದ್ದುಪಡಿಯ ಪ್ರಕಾರ ಮಹಾನಗರಗಳಿಗೆ ಯೋಜನಾ ಸಮಿತಿ ಇರಬೇಕು, ಅದರ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರು ಸ್ಥಳೀಯ ಸಂಸ್ಥೆಗಳ ಚುನಾಯಿತರಿಂದಲೇ ಆರಿಸಿ ಬರಬೇಕು. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. ಬೆಂಗಳೂರಿನಲ್ಲಿ ಅಂಥ ಯೋಜನಾ ಸಮಿತಿ ರಚನೆಯಾದದ್ದು 2014ರಲ್ಲಿ, ಅಂದರೆ ಎರಡು ದಶಕಗಳ ನಂತರ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಚುನಾಯಿತರೇ ಇಲ್ಲದಲ್ಲಿ ಜನರ ಅಹವಾಲು ಕೇಳುವವರಾರು?

ಪಾಠ ಕಲಿತಂತೆ ಕಾಣುವುದಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಉದ್ದದ ಸುರಂಗ ರಸ್ತೆಗೆ 2025ರಲ್ಲಿ ಟೆಂಡರ್ ಕರೆಯಲಾಯಿತು. ಅಂದಾಜು ವೆಚ್ಚ 17,000 ಕೋಟಿ ರೂಪಾಯಿಗೂ ಅಧಿಕ. ಅದರಲ್ಲಿ ಸಾಗಲು ಸುಂಕ ತೆರಬೇಕು, ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ ಎಂಬುದು ಯೋಜನೆ. ಸಾರ್ವಜನಿಕ ಹಣ, ಸಾರ್ವಜನಿಕ ಭೂಮಿ. ಪ್ರಯೋಜನ ಮಾತ್ರ ಕಾರಿನವರಿಗೆ.

ಮೆಟ್ರೋ ದರದ ವಿಷಯವೂ ಹೀಗೆಯೇ. ದರ ನಿಗದಿ ಸಮಿತಿ ಜನರಿಂದ ಸಲಹೆ ಆಹ್ವಾನಿಸಿತ್ತು ನಿಜ. ಆದರೆ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಜಿಗಿದಾಗ ಯಾವ ಆಧಾರದಲ್ಲಿ ಏರಿಸಲಾಯಿತು ಎಂಬ ವರದಿ ಜನರ ಕೈಯಲ್ಲಿರಲಿಲ್ಲ. ವಿಷಯ ಹೈಕೋರ್ಟ್‌ನ ಮೆಟ್ಟಿಲೇರಿದ ನಂತರ, ಸೆಪ್ಟೆಂಬರ್‌ನಲ್ಲಷ್ಟೇ ಅದು ಪ್ರಕಟವಾಯಿತು. ಕಾರಣ ತಿಳಿಸದೆ ಸಲಹೆ ಕೇಳುವುದು ಸಮಾಲೋಚನೆಯಲ್ಲ, ಕೇವಲ ಔಪಚಾರಿಕತೆ.

ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಅಹವಾಲು ಸಭೆಗಳು ನಡೆದಾಗಲೂ ಅಲ್ಲಿಗೆ ತಲುಪುವವರು ಯಾರು? ಪ್ರಕಟಣೆ ಇಂಗ್ಲಿಷಿನಲ್ಲಿ, ಸಭೆ ಕಚೇರಿಯ ವೇಳೆಯಲ್ಲಿ, ಸಲಹೆ ಮಿಂಚಂಚೆಯಲ್ಲಿ ಎಂದಾದರೆ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆ, ತಳ್ಳುಗಾಡಿಯ ವ್ಯಾಪಾರಿ, ಆಟೋ ಚಾಲಕ, ಬಸ್ಸಿಗಾಗಿ ಕಾಯುವ ವಿದ್ಯಾರ್ಥಿನಿ ಹೊರಗೇ ಉಳಿಯುತ್ತಾರೆ. ರಸ್ತೆ ಅಗಲವಾದಾಗ ಅಂಗಡಿ ಕಳೆದುಕೊಳ್ಳುವವರೂ ಫುಟ್‌ಪಾತ್ ಇಲ್ಲದಾಗ ಜೀವ ಕೈಯಲ್ಲಿ ಹಿಡಿದು ನಡೆಯುವವರೂ ಇವರೇ. ಇವರ ಅನುಭವವನ್ನು ಬಿಟ್ಟು ಮಾಡಿದ ಯೋಜನೆ ಎಷ್ಟೇ ತಾಂತ್ರಿಕವಾಗಿದ್ದರೂ ಅಪೂರ್ಣ.

ತಜ್ಞರ ಕೆಲಸವನ್ನು ಜನಸಾಮಾನ್ಯರು ಮಾಡಲಾದೀತೇ ಎಂಬ ಆಕ್ಷೇಪ ಸಹಜ. ಕಂಬ ಎಷ್ಟು ಗಟ್ಟಿಯಿರಬೇಕೆಂದು ಇಂಜಿನಿಯರ್ ಹೇಳಲಿ. ಆದರೆ ಇರುವ ಹಣದಲ್ಲಿ ಬಸ್ಸು ಮೊದಲೋ ಸುರಂಗ ಮೊದಲೋ ಎಂಬುದು ಗಣಿತದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲೇ ಬಜೆಟ್ಟಿನ ಆದ್ಯತೆಗಳನ್ನು ಬಡಾವಣೆಯ ಸಭೆಗಳಿಗೆ ಒಯ್ದಿತು. ಪುಣೆ ಪಾಲಿಕೆ 2006ರಿಂದ ವಾರ್ಡಿನ ಸಣ್ಣ ಕಾಮಗಾರಿಗಳಿಗೆ ನಾಗರಿಕರ ಸಲಹೆ ಪಡೆಯತೊಡಗಿತು. ಅಲ್ಲಿ ಸಾಧ್ಯವಾದದ್ದು ನಮ್ಮ ಪಟ್ಟಣಗಳಲ್ಲಿ ಏಕೆ ಅಸಾಧ್ಯ?

ಯೋಜನಾ ವರದಿ ಟೆಂಡರಿಗೆ ಮುನ್ನ ಕನ್ನಡದಲ್ಲಿ ಪ್ರಕಟವಾಗಬೇಕು. ಸಭೆ ವಾರ್ಡಿನಲ್ಲೇ, ರಜಾದಿನದಲ್ಲಿ ನಡೆಯಬೇಕು. ಬಂದ ಸಲಹೆಗಳಲ್ಲಿ ಯಾವುದನ್ನು ಸ್ವೀಕರಿಸಲಾಯಿತು, ಯಾವುದನ್ನು ಏಕೆ ತಿರಸ್ಕರಿಸಲಾಯಿತು ಎಂದು ಲಿಖಿತವಾಗಿ ತಿಳಿಸಬೇಕು. ಇವೇನೂ ಅತಿಯಾದ ಬೇಡಿಕೆಗಳಲ್ಲ.

ಹೊಣೆ ಸರಕಾರದ ಮೇಲೆ ಮಾತ್ರವೂ ಇಲ್ಲ. ಮಾಹಿತಿ ಹಕ್ಕು ಕಾಯಿದೆ 2005ರಿಂದ ನಮ್ಮ ಕೈಯಲ್ಲಿದೆ. ನಮ್ಮ ಬೀದಿಯ ಗುಂಡಿಯ ಬಗ್ಗೆ ಜಗಲಿಯಲ್ಲಿ ಕುಳಿತು ಗೊಣಗುವ ನಾವು ವಾರ್ಡ್ ಸಭೆಯ ದಿನ ಎಲ್ಲಿರುತ್ತೇವೆ? ಮೊಹಲ್ಲಾದ ಹಿರಿಯರು, ಯುವಕರು, ವಿಶೇಷವಾಗಿ ಬಸ್ಸನ್ನೇ ನಂಬಿರುವ ಮಹಿಳೆಯರು ಆ ಸಭೆಯ ಕುರ್ಚಿಗಳಲ್ಲಿ ಕುಳಿತು ಪ್ರಶ್ನಿಸುವುದನ್ನು ರೂಢಿಸಿಕೊಳ್ಳಬೇಕು. ಖಾಲಿ ಬಿಟ್ಟ ಕುರ್ಚಿಯನ್ನು ಗುತ್ತಿಗೆದಾರ ತುಂಬುತ್ತಾನೆ.