ನಲವತ್ತು ಗಜದ ಪರೀಕ್ಷೆ

ಕಳೆದ ಭಾನುವಾರ ಬೆಳಗ್ಗೆ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕುಳಿತಿದ್ದೆ. ಅಕ್ಕನ ಮಗನು ಫೋನು ಹಿಡಿದು ಬಂದು, “ಮಾಮ, ಒಂದು ಓಟ ತೋರಿಸುತ್ತೇನೆ. ಆದರೆ ಕಣ್ಣು ಮಿಟುಕಿಸಬೇಡಿ” ಎಂದನು. ನಾನು ಕನ್ನಡಕವನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಓಟ ಮುಗಿದೇ ಹೋಗಿತ್ತು. ಎರಡನೆಯ ಬಾರಿ ತೋರಿಸಬೇಕಾಯಿತು. ತೆಳ್ಳಗಿನ ಹುಡುಗನೊಬ್ಬ ಬಗ್ಗಿ, ಒಂದು ಕೈಯನ್ನು ನೆಲಕ್ಕೂರಿ, ಬಿಲ್ಲಿನಿಂದ ಬಿಟ್ಟ ಬಾಣದಂತೆ ಹೊರಟು ಗೆರೆಯನ್ನು ದಾಟಿದನು. ಕಾಲ 4.21 ಸೆಕೆಂಡು.

ಕಾಫಿ ತಂದ ನನ್ನ ಹೆಂಡತಿ ಹಿಂದಿನಿಂದ ಇದನ್ನು ನೋಡಿ, “ಇಷ್ಟು ಅವಸರವಾಗಿ ಈತ ಹೋಗುವುದಾದರೂ ಎಲ್ಲಿಗೆ?” ಎಂದು ಕೇಳಿದಳು. ಅವಳು ನಗೆಗಾಗಿ ಕೇಳಿದ ಮಾತು. ಆದರೆ ಅದಕ್ಕೆ ಸರಿಯಾದ ಉತ್ತರವಿದೆ. ಆತನು ಹೋಗುತ್ತಿರುವುದು ನೌಕರಿಗೆ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಾಟವನ್ನಲ್ಲ. ಅಲ್ಲಿ ಚೆಂಡಿಗೆ ಎರಡು ಕಡೆಯೂ ಮೊನೆಯುಂಟು. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಒಬ್ಬನು ಎಸೆದುದನ್ನು ಮತ್ತೊಬ್ಬನು ಓಡುತ್ತ ಹಿಡಿಯಬೇಕು. ಎದುರಾಳಿಗಳು ಅವನನ್ನು ಕೆಡವಬೇಕು. ಕಾಲೇಜುಗಳಲ್ಲಿ ಈ ಆಟವನ್ನಾಡಿ ಹೆಸರು ಮಾಡಿದ ತರುಣರು ವೃತ್ತಿಯ ತಂಡಗಳಿಗೆ ಸೇರಬೇಕಾದರೆ ಡ್ರಾಫ್ಟ್ ಎಂಬ ಬಾಗಿಲನ್ನು ಹಾದು ಹೋಗಬೇಕು. ಪ್ರತಿವರ್ಷ ಏಪ್ರಿಲ್ ತಿಂಗಳ ಕೊನೆಯಲ್ಲಿ 32 ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗುಳಿದ ತಂಡಕ್ಕೆ ಮೊದಲ ಸರದಿ. ಹೀಗೆ 7 ಸುತ್ತು. ಆರಿಸುವ ಅಧಿಕಾರ ತಂಡಗಳದು. ಹುಡುಗನಿಗೆ ತಂಡವನ್ನು ಆರಿಸುವ ಅಧಿಕಾರವಿಲ್ಲ.

ಈ ಪದ್ಧತಿಯನ್ನು ಸೂಚಿಸಿದವನು ಫಿಲಡೆಲ್ಫಿಯಾ ತಂಡದ ಒಡೆಯನಾಗಿದ್ದ ಬರ್ಟ್ ಬೆಲ್. ಹಣವುಳ್ಳ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡರೆ ಬಡ ತಂಡಗಳ ಗತಿಯೇನೆಂಬುದು ಅವನ ವಾದ. 1936ರಲ್ಲಿ ಮೊದಲ ಆಯ್ಕೆ ನಡೆದಾಗ ತಂಡಗಳ ಕೈಯಲ್ಲಿದ್ದುದು ವೃತ್ತಪತ್ರಿಕೆಗಳ ವರದಿ ಮತ್ತು ಅವರಿವರಿಂದ ಕೇಳಿದ ಮಾತು, ಇಷ್ಟೇ. ಎಲ್ಲರಿಗಿಂತ ಮೊದಲು ಆಯ್ಕೆಯಾದ ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್ ಎಂಬುವನು ವೃತ್ತಿಯ ಆಟವನ್ನು ಒಂದು ದಿನವೂ ಆಡಲಿಲ್ಲ! ಸಂಬಳದ ಮಾತು ಕುದುರದೆ ಆತನು ಬೇರೆ ಉದ್ಯೋಗ ನೋಡಿಕೊಂಡನು.

ಈಗಿನ ತಂಡಗಳು ಹಾಗೆ ಕಣ್ಣು ಮುಚ್ಚಿ ಆರಿಸುವುದಿಲ್ಲ. ಫೆಬ್ರವರಿಯ ಕೊನೆಯ ಹೊತ್ತಿಗೆ ಸುಮಾರು 300ಕ್ಕೂ ಹೆಚ್ಚು ತರುಣರನ್ನು ಇಂಡಿಯಾನಾಪೊಲಿಸ್ ನಗರಕ್ಕೆ ಕರೆಸುತ್ತಾರೆ. 1987ರಿಂದ ಈ ಮೇಳಕ್ಕೆ ಅದೇ ಊರು. ವೈದ್ಯರು ಕೀಲುಕೀಲನ್ನೂ ತಿರುಗಿಸಿ ನೋಡುತ್ತಾರೆ. ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲ ಇವೆಲ್ಲವನ್ನೂ ಅಳೆದು ಬರೆದುಕೊಳ್ಳುತ್ತಾರೆ. ನಿಂತಲ್ಲಿಂದ ಜಿಗಿಯಬೇಕು; 225 ಪೌಂಡಿನ ಭಾರವನ್ನು ಎಷ್ಟು ಸಲ ಎತ್ತಬಲ್ಲನೆಂದು ತೋರಿಸಬೇಕು; ತಂಡದವರೆದುರು ಕುಳಿತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಹೆಣ್ಣು ನೋಡುವ ಶಾಸ್ತ್ರದಲ್ಲಿಯೂ ಇಷ್ಟು ಕೇಳುವುದಿಲ್ಲವೆಂದು ನನ್ನ ಹೆಂಡತಿಯ ಅಭಿಪ್ರಾಯ.

ಆದರೆ ಈ ಎಲ್ಲ ಪರೀಕ್ಷೆಗಳಲ್ಲಿ ಜನರ ಬಾಯಲ್ಲಿ ಉಳಿಯುವುದು 40 ಗಜದ ಓಟ ಒಂದೇ. ಅದಕ್ಕೆ 40 ಗಜವೇ ಏಕೆ? ಕ್ಲೀವ್‌ಲೆಂಡ್ ತಂಡದ ಪ್ರಸಿದ್ಧ ಶಿಕ್ಷಕ ಪಾಲ್ ಬ್ರೌನನ ಹೆಸರನ್ನು ಇದಕ್ಕೆ ಜೋಡಿಸುತ್ತಾರೆ. ಮೇಲಕ್ಕೊದ್ದ ಚೆಂಡು ಸುಮಾರು ಅಷ್ಟು ದೂರ ಹೋಗಿ ಬೀಳುತ್ತದೆ, ಅದು ಗಾಳಿಯಲ್ಲಿರುವಷ್ಟರಲ್ಲಿ ಕೆಳಗೆ ಹೋಗಿ ನಿಲ್ಲಬಲ್ಲವನು ಬೇಕು ಎಂಬುದು ಪರಂಪರೆಯಿಂದ ಬಂದ ವಿವರಣೆ.

ಇಲ್ಲಿ ಒಂದು ಸ್ವಾರಸ್ಯವುಂಟು. ಈ ಓಟಕ್ಕೆ ಪಿಸ್ತೂಲಿನ ಶಬ್ದವಿಲ್ಲ. ಓಟಗಾರನು ತನಗೆ ಬೇಕಾದಾಗ ಹೊರಡಬಹುದು. ಅವನ ಮೈ ಮೊದಲ ಬಾರಿ ಅಲುಗಿದುದನ್ನು ಕಂಡು ಒಬ್ಬ ಮನುಷ್ಯನು ಗುಂಡಿಯನ್ನೊತ್ತುತ್ತಾನೆ. ಕೊನೆಯ ಗೆರೆಯಲ್ಲಿ ಮಾತ್ರ ಬೆಳಕಿನ ಕಿರಣ ಗಡಿಯಾರವನ್ನು ನಿಲ್ಲಿಸುತ್ತದೆ. ಎಂದರೆ ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಪ್ರಕಟವಾಗುವ ಈ ಅಂಕಿಯ ಒಂದು ತುದಿಯನ್ನು ಯಂತ್ರವೂ ಇನ್ನೊಂದು ತುದಿಯನ್ನು ಮನುಷ್ಯನ ಹೆಬ್ಬೆರಳೂ ಹಿಡಿದುಕೊಂಡಿವೆ. ಆ ಅಂಕಿಗಾಗಿ ಹುಡುಗರು ವಾರಗಟ್ಟಲೆ ಬೇರೆಲ್ಲವನ್ನೂ ಬಿಟ್ಟು, ಕೈಯನ್ನು ಎಲ್ಲಿ ಊರಬೇಕು, ಮೊದಲ ಹೆಜ್ಜೆ ಎಷ್ಟುದ್ದವಿರಬೇಕು ಎಂಬುದನ್ನೇ ಕಲಿಯುತ್ತಾರೆ.

ಹಾಗೆಂದು ಇದನ್ನು ನಿರರ್ಥಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪೂರ್ಣ ವೇಗದಲ್ಲಿರುವವನು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಸುಮಾರು ಒಂದು ಗಜ ಮುಂದೆ ಹೋಗಿರುತ್ತಾನೆ. ಒಂದು ಗಜವೆಂದರೆ ಹಿಂದಿನವನ ಚಾಚಿದ ತೋಳು. ಆ ತೋಳಿಗೆ ಸಿಕ್ಕಿದರೆ ನೆಲಕ್ಕೆ; ಸಿಕ್ಕದಿದ್ದರೆ ಆಟ ಗೆದ್ದಂತೆ. ನನ್ನ ಸೋದರಳಿಯನು ತೋರಿಸಿದ 4.21ರ ಓಟ 2024ರಲ್ಲಿ ಝೇವಿಯರ್ ವರ್ದಿ ಎಂಬುವನದು. ಅದುವರೆಗಿನ ಎಲ್ಲರನ್ನೂ ಮೀರಿಸಿದ ಓಟ. ಕಾನ್ಸಾಸ್ ನಗರದ ತಂಡ ಅವನನ್ನು ಮೊದಲ ಸುತ್ತಿನಲ್ಲಿಯೇ ಆರಿಸಿಕೊಂಡಿತು. 2025ರ ಫೆಬ್ರವರಿಯಲ್ಲಿ ನಡೆದ ಮಹಾಪಂದ್ಯದಲ್ಲಿ ತಂಡ ಸೋತರೂ ಆತನು 157 ಗಜಗಳನ್ನು ಗಳಿಸಿದನು. ಕಾಲು ಸುಳ್ಳು ಹೇಳಲಿಲ್ಲ.

ಆದರೆ ಇದಕ್ಕಿಂತ ಏಳು ವರ್ಷ ಹಿಂದಿನ ಕಥೆಯನ್ನೂ ಕೇಳಬೇಕು. 2017ರಲ್ಲಿ ವಾಷಿಂಗ್ಟನ್ ರಾಜ್ಯದಿಂದ ಇಬ್ಬರು ಚೆಂಡು ಹಿಡಿಯುವವರು ಇಂಡಿಯಾನಾಪೊಲಿಸ್ಸಿಗೆ ಬಂದರು. ಒಬ್ಬನು ರಾಜ್ಯದ ದೊಡ್ಡ ವಿಶ್ವವಿದ್ಯಾನಿಲಯದ ಜಾನ್ ರಾಸ್. ಇನ್ನೊಬ್ಬನು ಅಷ್ಟೇನೂ ಹೆಸರಿಲ್ಲದ ಪೂರ್ವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಕೂಪರ್ ಕಪ್. ರಾಸನು 4.22 ಸೆಕೆಂಡಿನಲ್ಲಿ ಓಡಿ ಆವರೆಗಿನ ದಾಖಲೆಯನ್ನು ಮುರಿದನು. ಕಪ್ ತೆಗೆದುಕೊಂಡ ಕಾಲ 4.62. ಇಬ್ಬರೂ ಒಟ್ಟಿಗೆ ಓಡಿದ್ದರೆ ರಾಸನು ಗೆರೆ ಮುಟ್ಟಿದಾಗ ಕಪ್ ಸುಮಾರು ನಾಲ್ಕು ಗಜ ಹಿಂದಿರುತ್ತಿದ್ದನು. ಆಯ್ಕೆಯಲ್ಲಿ ಅವನು ಇನ್ನೂ ಹಿಂದೆ ಬಿದ್ದನು. ಸಿನ್ಸಿನ್ನಾಟಿ ತಂಡ ರಾಸನನ್ನು 9ನೆಯವನಾಗಿ ಆರಿಸಿತು. ಲಾಸ್ ಏಂಜಲೀಸ್ ತಂಡ ಕಪ್‌ನನ್ನು ಆರಿಸುವ ಹೊತ್ತಿಗೆ ಸರದಿ 69ಕ್ಕೆ ಬಂದಿತ್ತು. ನಡುವೆ 59 ಹೆಸರುಗಳು. ಹೊಸಬರ ಮೊದಲ ಒಪ್ಪಂದದ ಹಣವು ಆಯ್ಕೆಯಾದ ಸ್ಥಾನವನ್ನು ಹಿಡಿದೇ ನಿರ್ಧಾರವಾಗುವುದರಿಂದ, ಆ 59 ಹೆಸರುಗಳ ಅಂತರ ಬರಿಯ ಮಾನದ ಪ್ರಶ್ನೆಯಲ್ಲ. ಮನೆ ಮಠಗಳ ಪ್ರಶ್ನೆ.

ಮುಂದೆ ಆದುದೇನು? ರಾಸನನ್ನು ಗಾಯಗಳು ಬಿಡದೆ ಕಾಡಿದವು. ಮೊದಲ ವರ್ಷದಲ್ಲಿ ಆತನು ಒಂದು ಚೆಂಡನ್ನೂ ಹಿಡಿಯಲಿಲ್ಲ. ನಾಲ್ಕು ವರ್ಷಗಳಾದ ಮೇಲೆ ಅವನಿಗೂ ಸಿನ್ಸಿನ್ನಾಟಿಗೂ ಋಣ ತೀರಿತು. ಇದನ್ನು ಹಂಗಿಸುವುದು ಸಲ್ಲದು. ಮೊಣಕಾಲಿನ ಹಣೆಬರಹವನ್ನು ಯಾರು ಬಲ್ಲರು? ಇತ್ತ ಕಪ್ 2021ರ ಋತುವಿನಲ್ಲಿ 145 ಚೆಂಡುಗಳನ್ನು ಹಿಡಿದು, 1,947 ಗಜಗಳನ್ನು ಗಳಿಸಿ, 16 ಬಾರಿ ಗುರಿ ಮುಟ್ಟಿ, ಈ ಮೂರರಲ್ಲಿಯೂ ಲೀಗಿಗೇ ಮೊದಲಿಗನಾದನು. 2022ರ ಫೆಬ್ರವರಿಯ ಮಹಾಪಂದ್ಯದಲ್ಲಿ, ಇನ್ನು ಒಂದೂವರೆ ನಿಮಿಷವೂ ಉಳಿದಿಲ್ಲವೆನ್ನುವಾಗ, ಗೆಲುವಿನ ಚೆಂಡನ್ನು ಹಿಡಿದವನೂ ಅವನೇ. ಪಂದ್ಯದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯೂ ಅವನಿಗೇ. 23ಕ್ಕೆ 20ರಂತೆ ಸೋತ ತಂಡ ಯಾವುದೆಂದು ವಾಚಕರು ಊಹಿಸಬಲ್ಲರೆ? ಸಿನ್ಸಿನ್ನಾಟಿ!

ಗಡಿಯಾರವು ತಪ್ಪು ಹೇಳಿತೆನ್ನೋಣವೆ? ಇಲ್ಲ. ಕಪ್ ನಿಜವಾಗಿಯೂ ರಾಸನಿಗಿಂತ ನಿಧಾನವಾಗಿಯೇ ಓಡಿದನು. ಗಡಿಯಾರವನ್ನು ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತು. ತಿರುಗುವಾಗ ವೇಗವನ್ನು ಎಲ್ಲಿ ತಗ್ಗಿಸಬೇಕು, ಕಾವಲುಗಾರನ ಕಣ್ಣು ಯಾವ ಕಡೆಗಿದೆ, ಎಸೆಯುವವನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅದನ್ನು ಯಾರೂ ಕೇಳಿರಲಿಲ್ಲ; ಕೇಳಿದ್ದರೂ ಹೇಳಲು ಅದಕ್ಕೆ ಬಾಯಿಲ್ಲ. ಅದಕ್ಕೆ ಬೇಕಾದುದು ಆ ಹುಡುಗನು ನಾಲ್ಕು ವರ್ಷ ಆಡಿದ ಪಂದ್ಯಗಳನ್ನು ಕುಳಿತು ನೋಡುವ ತಾಳ್ಮೆ. ತಾಳ್ಮೆಯಿಂದ ಬಂದ ತೀರ್ಪನ್ನು ಒಂದು ಅಂಕಿಯಲ್ಲಿ ಬರೆಯುವುದು ಕಷ್ಟ. ಅಂಕಿಯನ್ನು ನಂಬಿ ಕೆಟ್ಟವನಿಗೆ ಅಂಕಿಯೇ ಸಮರ್ಥನೆ. ಸ್ವಂತ ಕಣ್ಣನ್ನು ನಂಬಿ ಕೆಟ್ಟವನಿಗೆ ಯಾವ ಸಮರ್ಥನೆಯೂ ಇಲ್ಲ. ಬುದ್ಧಿವಂತರಾದ ದೊಡ್ಡವರು ನಾಲ್ಕು ಸೆಕೆಂಡಿನ ಓಟವನ್ನು ಇಷ್ಟೊಂದು ಬಿಗಿಯಾಗಿ ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬೇಕು.

ಸೋದರಳಿಯನು ಫೋನಿನೊಡನೆ ಹೊರಟುಹೋದ ಮೇಲೆ ನಾನು ಮತ್ತೆ ಕಟ್ಟಿಗೆ ಕೈಹಾಕಿದೆ. ಮೇಲಿದ್ದ ಪತ್ರಿಕೆಯಲ್ಲಿ ಐದು ಪ್ರಶ್ನೆಗಳ ಪೈಕಿ ಮೂರಕ್ಕೆ ಮಾತ್ರ ಉತ್ತರವಿತ್ತು. ಅಕ್ಷರವನ್ನು ನೋಡಿದೊಡನೆ ಯಾರದೆಂದು ತಿಳಿಯಿತು. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಕಿಟಕಿಯತ್ತ ನೋಡುತ್ತ ಅರ್ಧ ನಿಮಿಷ ಸುಮ್ಮನಿರುವ ಹುಡುಗ. ಬೇರೆಯವರು ಅಷ್ಟರಲ್ಲಿ ಉತ್ತರ ಹೇಳಿ ಮುಗಿಸಿರುತ್ತಾರೆ. ಆ ಮೂರು ಉತ್ತರಗಳಲ್ಲಿ ಒಂದನ್ನು, ಹಳಗನ್ನಡದ ಒಂದು ಪದ್ಯದ ಮೇಲಿನ ಟಿಪ್ಪಣಿಯನ್ನು, ನಾನು ಎರಡು ಬಾರಿ ಓದಿದೆ. ಹಾಗೆ ಬರೆಯಲು ನನಗೆ ಆ ವಯಸ್ಸಿನಲ್ಲಿ ಬರುತ್ತಿರಲಿಲ್ಲ.

ಬರೆಯದ ಎರಡು ಪ್ರಶ್ನೆಗಳಿಗೆ ಅಂಕ ಕೊಡುವ ಅಧಿಕಾರ ನನಗಿಲ್ಲ, ಕೊಡಲೂ ಇಲ್ಲ. ನೂರಕ್ಕೆ ಐವತ್ತೊಂದು ಎಂದು ಕೆಂಪು ಶಾಯಿಯಲ್ಲಿ ಬರೆದೆ. ಅನಂತರ ದಿನಚರಿಯನ್ನು ತೆರೆದು, ಬುಧವಾರ ಮಧ್ಯಾಹ್ನದ ಬಿಡುವಿನಲ್ಲಿ ಅವನನ್ನು ಕೊಠಡಿಗೆ ಕರೆಯಬೇಕೆಂದು ಗುರುತು ಹಾಕಿಕೊಂಡೆ. ಆ ಪದ್ಯದ ವಿಚಾರವನ್ನು ಅವನ ಬಾಯಿಂದಲೇ, ಅವನಿಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಹೇಳಲು ಬಿಟ್ಟು, ಒಮ್ಮೆ ಕೇಳಬೇಕು.